ಐವತ್ತು ನಿಮಿಷದ ದಾರಿ

ಅಂದೋಲಾ

ನಮ್ಮ ಮನೆಯ ಅಳಿಯಂದಿರಾದ ಚೆನ್ನಬಸಪ್ಪ ಅವರಿಗೆ ಶರಣು.

ಫೋನಿನಲ್ಲಿ ಮಾತು ಕೆಡುತ್ತದೆಂದು ಬರೆಯುತ್ತಿದ್ದೇನೆ. ಅವ್ವ ತೀರಿದ ಸಂಜೆ ತಂಗಿ ಭುವನೇಶ್ವರಿ ಬೆಳಗಾವಿಯಲ್ಲಿ ಜೇವರ್ಗಿಯ ಬಸ್ ಹತ್ತಿ ಕುಳಿತಿದ್ದಳು. ನೀವು ಅವಳನ್ನು ಇಳಿಸಿದಿರಿ. "ಕಲಬುರಗಿಗೆ ವಿಮಾನದಾಗ ಐವತ್ತ ನಿಮಿಷರಿ ಅಣ್ಣಾರ, ಮೊಬೈಲ್‌ನ್ಯಾಗ ನೋಡೇನಿ. ಮುಂಜಾನೆ ಬರ್ತೇವಿ" ಎಂದಿರಿ. ಮೊಬೈಲ್ ತೋರಿಸಿದ್ದು ಎರಡು ವಿಮಾನ ನಿಲ್ದಾಣಗಳ ನಡುವಿನ ಮುನ್ನೂರು ಕಿಲೋಮೀಟರಿನ ಲೆಕ್ಕ. ಹಾರುವ ವಿಮಾನ ಇದೆಯೇ ಎಂದು ನೀವು ವಿಚಾರಿಸಲೇ ಇಲ್ಲ. ಮರುದಿನ ನಿಲ್ದಾಣಕ್ಕೆ ಹೋದ ಮೇಲೆ ಇಲ್ಲವೆಂದು ಗೊತ್ತಾಯಿತು; ಆಗ ಬಸ್ ಹತ್ತಿದ್ದರೂ ಹೊತ್ತು ಮುಳುಗುವ ಮುನ್ನ ಮುಟ್ಟುವಂತಿರಲಿಲ್ಲ.

ನಿಮ್ಮ ಮಾತು ನಂಬಿ ನಾವು ಅವ್ವನಿಗೆ ವಿಭೂತಿ ಹಚ್ಚಿ, ಮಗಳು ಬರಲೆಂದು ಕೂಡಿಸಿಯೇ ಇಟ್ಟೆವು. ಕೊನೆಗೆ ಕಲ್ಲಿನಾಥ ಕಾಕಾ, "ಅಕಿನ್ನ ಇನ್ನಾ ಎಷ್ಟೊತ್ತ ಕೂಡಸ್ತೀರಲೇ? ಹೊತ್ತ ಮುಳಗಾಕತ್ತೈತಿ" ಎಂದರು. ಮಗಳು ಮುಖ ನೋಡದೆಯೇ ಮಣ್ಣು ಕೊಟ್ಟೆವು. ನೀವು "ಮಿಸ್ಟೇಕ್ ಆತ್ರಿ" ಎಂದು ಫೋನ್ ಇಟ್ಟಿರಿ.

ಸೋಮವಾರ ಅವ್ವನ ಶಿವಗಣಾರಾಧನೆ. ಭಾನುವಾರ ರಾತ್ರಿ ಭುವನೇಶ್ವರಿಯನ್ನು ಬಸ್ಸಿಗೆ ಹತ್ತಿಸಿ. ಈ ಸಲ ಇಳಿಸಬೇಡಿ. ಜೇವರ್ಗಿ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ನೀವೂ ಬರುವುದಾದರೆ ಅದೇ ಬಸ್ಸಿನಲ್ಲಿ ಬನ್ನಿ.

ಇಂತಿ,
ಭುವನೇಶ್ವರಿಯ ಅಣ್ಣ
ಗುರುಶಾಂತ