ಉಬ್ಬಿದ ಕಡೆಯ ಚುಕ್ಕೆ

ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಪ್ಪಾ,

ಕೈನಡುಕ ಹೇಗಿದೆ? ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯೋ, ಇಲ್ಲಾ ಸೋದರತ್ತೆಗೂ “ಆಮೇಲೆ, ಆಮೇಲೆ” ಅಂತ ಟೋಪಿ ಹಾಕುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ನೀನು ಮುಚ್ಚಿ ಹೋದ ಕನ್ನಡಕದಂಗಡಿಯನ್ನು ವಾರಕ್ಕೊಮ್ಮೆ ತೆಗೆದು ಧೂಳು ಹೊಡೆಯುತ್ತೇನೆ. ಗಾಜು ಉಜ್ಜುವ ಚಕ್ರ ಮಾತ್ರ ಮುಟ್ಟಿಲ್ಲ, ನಿನಗೆ ಗೊತ್ತಾಗಿಬಿಡುತ್ತದೆ.

ನಮ್ಮ ಲ್ಯಾಬಲ್ಲಿ ಬೆಳಕಿನಲ್ಲೇ ಲೆಕ್ಕ ಮಾಡುವ ಕಂಪ್ಯೂಟರ್ ಕಟ್ಟುತ್ತೇವೆ ಅಂದಾಗ ನಕ್ಕಿದ್ದೆಯಲ್ಲ, ಈಗ ಅದರ ಕಥೆ ಕೇಳು. ಒಂದೊಂದು ಸಂಖ್ಯೆಗೂ ಒಂದೊಂದು ಬೆಳಕಿನ ಎಳೆ. ದೊಡ್ಡದಕ್ಕೆ ಹೆಚ್ಚು ಬೆಳಕು, ಚಿಕ್ಕದಕ್ಕೆ ಕಡಿಮೆ. ನಡುವೆ ಬೇಕಾದಷ್ಟು ಮಸುಕಾದ ಗಾಜಿಟ್ಟರೆ ಗುಣಾಕಾರ. ಕೊನೆಗೆ ಮಸೂರವೊಂದು ಎಲ್ಲವನ್ನೂ ಒಂದೇ ಬಿಂದುವಿಗೆ ತಂದರೆ ಸಂಕಲನ. ಆದರೆ ಒಂದು ತಿಂಗಳಿಂದ ಮೊತ್ತ ಚೂರು ಕಡಿಮೆಯೇ ಬರುತ್ತಿತ್ತು. ಪ್ರೋಗ್ರಾಂ ಬರೆದವರ ಮೇಲೆ ಗೂಬೆ ಕೂರಿಸಿದೆವು. ಪಾಪ, ಮೂರು ಸಲ ಹೊಸದಾಗಿ ಬರೆದರು. ಇವತ್ತು ಮುಖ್ಯಸ್ಥೆ “ಸಾಕು, ಇದನ್ನ ಕೈಬಿಡೋಣ” ಅಂದಾಗ ನನಗೆ ಅಳುವೇ ಬಂತು. ಹೋಗಲಿ ಎಂದು ಮಸೂರವನ್ನು ಬಿಚ್ಚಿ, ನೀನು ಮಾಡುವ ಹಾಗೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದೆ. ಅಯ್ಯೋ ಅಪ್ಪಾ, ಹಿಂದುಮುಂದಾಗಿ ಕೂರಿಸಿದ್ದೆವು! ಬೆಳಕು ಬರುವ ಕಡೆ ಉಬ್ಬಿದ ಮೈ ಇರಬೇಕಿತ್ತು, ಚಪ್ಪಟೆ ಮೈ ಇತ್ತು. ಅಂಚಿನ ಬೆಳಕೆಲ್ಲ ಬಿಂದು ತಪ್ಪಿ ಆಚೀಚೆ ಚೆಲ್ಲುತ್ತಿತ್ತು. ಕೂರಿಸಿದವಳು ಯಾರು ಗೊತ್ತಾ? ನಾನೇ. ಕನ್ನಡಕದವನ ಮಗಳು! ತಿರುಗಿಸಿದೆ, ಮೊತ್ತ ಸರಿಯಾಯಿತು. ಪ್ರೋಗ್ರಾಂನವರ ಮುಂದೆ ಕಿವಿ ಹಿಡಿದುಕೊಂಡೆ.

ನೀನು ಪ್ರತಿ ಗಾಜಿನ ಅಂಚಿಗೂ ಉಬ್ಬಿದ ಕಡೆ ಪೆನ್ಸಿಲ್ ಚುಕ್ಕೆ ಇಡುತ್ತಿದ್ದೆ. “ನಾಳೆ ನಂಗೇ ಮರ್ತುಹೋದ್ರೆ?” ಅನ್ನುತ್ತಿದ್ದೆ. ನಾನು ನಗುತ್ತಿದ್ದೆ. ಬರೀ ನಕ್ಕಿದ್ದರೆ ಪರವಾಗಿರಲಿಲ್ಲ. ನೀನು ಹೊರಡುವ ದಿನ “ಉಜ್ಜೋಕೆ ಮಷೀನ್ ಬಂದಾಯ್ತು, ನಿನ್ನ ಕೆಲಸ ಮುಗೀತು ಬಿಡಪ್ಪ” ಅಂದುಬಿಟ್ಟೆ. ನೀನು ಚೀಲ ಎತ್ತಿಕೊಂಡೆ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ತಪ್ಪಾಯಿತಪ್ಪಾ.

ಅತ್ತೆಗೆ ನಮಸ್ಕಾರ. ಅವಳ ಮಂಡಿನೋವಿನ ಬಗ್ಗೆ ಕೇಳಿದೆನೆಂದು ಹೇಳು.

ನಿನ್ನ ಬಾಯಿಬಡುಕಿ

ಮರೆತೇಬಿಟ್ಟಿದ್ದೆ: ಮಸೂರವನ್ನು ಹೀಗೆ ಓರೆ ಹಿಡಿದು ನೋಡುವುದನ್ನು ಯಾರು ಕಲಿಸಿದರು ಎಂದು ಮುಖ್ಯಸ್ಥೆ ಕೇಳಿದರು, ನಿನ್ನ ಬಗ್ಗೆ ಹೇಳಿದೆ. ಮುಂದಿನ ತಿಂಗಳು ನಲವತ್ತು ಮಸೂರ ಬರುತ್ತವೆ. ಒಂದೊಂದನ್ನೂ ನೋಡಿ ಗುರುತು ಹಾಕಲು ನಿನ್ನನ್ನೇ ಕರೆಸಬೇಕಂತೆ, ಸಂಬಳಕ್ಕೆ. ಕೈ ನಡುಗುತ್ತದೆ ಎಂದು ನೆಪ ಹೇಳಬೇಡ. ಬೇಕಿರುವುದು ನಿನ್ನ ಕಣ್ಣು. ಚುಕ್ಕೆ ನಾನಿಡುತ್ತೇನೆ.