ಗಡ್ಡಜ್ಜನ ಗಾಜಿನ ಮುಚ್ಚಳ

ಜೂನ್ 3

ಗಡ್ಡಜ್ಜನ ಕಥೆಯನ್ನು ಮೊದಲು ಹೇಳಿದವರು ಅಪ್ಪ — ಈ ಬಿಯರ್ಡೆಡ್ ಡ್ರ್ಯಾಗನ್ ಮನೆಗೆ ಬಂದ ರಾತ್ರಿ, ಮೊಮ್ಮಗಳನ್ನು ಮಲಗಿಸುವಾಗ. ಮೊಳದುದ್ದದ ಹಲ್ಲಿ, ಗಲ್ಲದ ತುಂಬ ಗಡ್ಡದ ಹಾಗೆ ಮುಳ್ಳು; ಅದಕ್ಕೇ ಗಡ್ಡಜ್ಜ. ಗಡ್ಡ ಉಬ್ಬಿಸಿ ಕಪ್ಪು ಮಾಡಿಕೊಂಡರೆ ಸೂರ್ಯ ಹೆದರಿ ಮುಳುಗುತ್ತಾನಂತೆ. ಇವತ್ತೂ ಅದೇ ಕಥೆ. ಕೊನೆಗೆ ಕೋಣೆಯ ದೀಪ ಆರಿಸುವುದು ನಾನು. ಸೂರ್ಯನ ಪಾತ್ರ ನನ್ನದು.

ಎಂದಿನಂತೆ ಅವನಿರುವ ತೊಟ್ಟಿಯ ಮುಚ್ಚಳ ಒರೆಸಿದೆ. ನಾನೇ ಕತ್ತರಿಸಿ, ಅಂಚು ತಿಕ್ಕಿ ನುಣುಪು ಮಾಡಿದ ಗಾಜು. ಅದರ ಮೇಲೆ, ಬಿಸಿಲಿನ ಬದಲಿಗೆ, ಅವನ ದೀಪ. ಮಾರಿದವನು ಕೊಟ್ಟ ತಂತಿ ಜಾಲರಿ ಕೋಳಿಗೂಡಿನ ಹಾಗಿತ್ತು. ಗಾಜಿನ ಅಂಗಡಿಯವನ ಮನೆಯಲ್ಲಿ ಜಾಲರಿಯೇ? ಅಟ್ಟಕ್ಕೆ ಎಸೆದೆ.

ಜೂನ್ 19

ಗಡ್ಡಜ್ಜ ಹುಳ ಮುಟ್ಟಿಲ್ಲ. ಮುಂಗಾಲು ನಡುಗುತ್ತಿದೆ.

"ಮಾವನ ಕೈಯೂ ನಡುಗುತ್ತೆ. ವಯಸ್ಸಾಯ್ತೇನೋ" ಎಂದಳು ಹೆಂಡತಿ.

"ನಾನು ತಿನ್ನೋದು ಬಿಟ್ಟಿಲ್ವಲ್ಲಮ್ಮ" ಎಂದರು ಅಪ್ಪ.

ಎಲ್ಲರೂ ನಕ್ಕೆವು. ಚಳಿ ಇರಬೇಕು. ಮುಚ್ಚಳದ ಸಂದಿಗೆ ಸಿಲಿಕೋನ್ ಹಚ್ಚಿದೆ, ಬಿಸಿ ಸೋರದ ಹಾಗೆ.

ಜುಲೈ 8, ಸಂಜೆ

ಹಿಂಗಾಲು ಎಳೆಯುತ್ತಿದ್ದಾನೆ. ಬೆಳಗ್ಗೆ ಎತ್ತಿಕೊಂಡರೆ ದವಡೆ ಬೆರಳಿಗೆ ಮೆತ್ತಗೆ ಸಿಕ್ಕಿತು... ರಬ್ಬರಿನ ಹಾಗೆ. ಅಂಗಡಿ ಮುಚ್ಚಿ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದೆ.

ಎಕ್ಸ್‌ರೇ ತೋರಿಸಿದರು. ಮೂಳೆ ಇರಬೇಕಾದ ಕಡೆ ಹೊಗೆ.

"ಯುವಿ ದೀಪ ಹಾಕ್ತೀರಾ?"

"ದಿನವಿಡೀ ಉರಿಯುತ್ತೆ, ಮೇಡಂ. ಮೊನ್ನೆ ತಾನೇ ಹೊಸದು ಹಾಕಿದೀನಿ."

"ಮೇಲೆ ಜಾಲರಿ ತಾನೇ?"

"ಜಾಲರಿ ಯಾಕೆ? ನಾನೇ ಒಳ್ಳೇ ಗಾಜು ಕೂರಿಸಿದೀನಿ." ಎದೆಯುಬ್ಬಿಸಿಯೇ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಬೆಳಕೇನೋ ಗಾಜು ದಾಟುತ್ತೆ. ಇದರ ಮೂಳೆಗೆ ಬೇಕಾದ ಯುವಿ ಕಿರಣ ದಾಟಲ್ಲ. ಇಷ್ಟು ದಿನ ಇದು ಕತ್ತಲಲ್ಲಿದ್ದ ಹಾಗೇ."

ಗಿರಾಕಿಗಳಿಗೆ ನಾನೇ ಹೇಳುತ್ತೇನಲ್ಲ — ಈ ಗಾಜು ಹಾಕಿಸಿ, ಬಿಸಿಲಿಗೆ ಪರದೆಯ ಬಣ್ಣ ಮಾಸಲ್ಲ. ಗೊತ್ತಿತ್ತು. ಪರದೆಯ ವಿಷಯದಲ್ಲಿ ಗೊತ್ತಿತ್ತು, ಇವನ ವಿಷಯದಲ್ಲಿ ಹೊಳೆಯಲಿಲ್ಲ.

ಕ್ಯಾಲ್ಸಿಯಂ ಹನಿ ಕೊಟ್ಟಿದ್ದಾರೆ. "ಎಳೇ ಬಿಸಿಲೂ ತೋರಿಸಿ. ಆಸೆ ಮಾತ್ರ ಇಟ್ಕೋಬೇಡಿ. ತಡ ಆಗಿದೆ. ಗಡ್ಡ ತಾನಾಗೇ ಕಪ್ಪಾದರೆ ಕೊನೆ ಹತ್ತಿರ ಅಂತ ತಿಳ್ಕೊಳ್ಳಿ."

ಜುಲೈ 9

ಅಟ್ಟದಿಂದ ಜಾಲರಿ ಇಳಿಸಿದೆ. ಸಿಲಿಕೋನ್ ಬ್ಲೇಡಿನಿಂದ ಕೆರೆದು ಕೆರೆದು ಮುಚ್ಚಳ ಬಿಡಿಸಿದೆ. ಗಟ್ಟಿ ಕೆಲಸ ಮಾಡಿದ್ದೆ.

ಮಗಳಿಗೆ ಹೇಳಿಲ್ಲ. "ಮುಚ್ಚಳ ಯಾಕೆ ತೆಗೆದೆ ಅಪ್ಪಾ?" ಎಂದಳು. ಒಡೆದೀತು ಅಂತ, ಎಂದೆ.

ಜುಲೈ 15

ಹನಿ ಬಾಯಿಯಿಂದ ಹೊರಗೇ ಹರಿಯುತ್ತಿದೆ. ಕಣ್ಣು ತೆರೆದರೂ ಒಂದನ್ನೇ ತೆರೆಯುತ್ತಾನೆ. ಅಂಗಡಿಯಲ್ಲಿ ಎರಡು ಗಾಜು ತಪ್ಪು ಅಳತೆಗೆ ಕತ್ತರಿಸಿದೆ. ಗಾಜು ಮುಟ್ಟಲು ಮನಸ್ಸಿಲ್ಲ.

ರಾತ್ರಿ ಮಗಳು ಕಥೆ ಬೇಕೆಂದಳು. ಅಪ್ಪ ನನ್ನ ಕಡೆ ನೋಡಿದರು. ಆಮೇಲೆ ಬೇರೆಯೇ ಥರ ಹೇಳಿದರು: ಗಡ್ಡಜ್ಜನಿಗೆ ಈಗ ಸೂರ್ಯನ ಮೇಲೆ ಕೋಪವಿಲ್ಲ. ಬಾರಪ್ಪಾ, ಪಕ್ಕದಲ್ಲಿ ಕೂತ್ಕೋ ಅಂತ ಕರೀತಿದಾನೆ.

"ಸೂರ್ಯ ಬರ್ತಾನಾ, ತಾತ?"

"ಬರಲಿಲ್ಲ ಅಂದ್ರೆ ನಾವೇ ಕರ್ಕೊಂಡು ಹೋಗೋಣ."

ನಾನು ದೀಪ ಆರಿಸಲಿಲ್ಲ. ಹೆಂಡತಿ ಆರಿಸಿದಳು.

ಜುಲೈ 16, ಬೆಳಗ್ಗೆ

ಎದ್ದಾಗ ತೊಟ್ಟಿಯ ಜಾಗ ಖಾಲಿ. ತಾತ, ಮೊಮ್ಮಗಳು ಸೇರಿ ಅಂಗಳಕ್ಕೆ ಹೊತ್ತೊಯ್ದಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ಜಾಲರಿಯನ್ನೂ ತೆಗೆದಿದ್ದಾರೆ. ಎಳೇ ಬಿಸಿಲು ನೇರವಾಗಿ ಬೆನ್ನ ಮೇಲೆ. ಆ ಕಡೆ ಅಪ್ಪ, ಈ ಕಡೆ ಮಗಳು, ಇಬ್ಬರೂ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ. ಡಾಕ್ಟರಮ್ಮ ಹೇಳಿದ ದಿನವೇ ನಾನು ಇದನ್ನು ಮಾಡಿದ್ದರೆ...

ಹೊರಗೆ ಹೋಗುವ ಧೈರ್ಯವಿಲ್ಲ. ಇಲ್ಲೇ ಬರೆಯುತ್ತ ಕೂತಿದ್ದೇನೆ, ಗಾಜಿನ ಈಚೆ.

ಮಗಳು ಕೂಗುತ್ತಿದ್ದಾಳೆ. "ಅಪ್ಪಾ, ಗಡ್ಡ ಕಪ್ಪಾಗ್ತಿದೆ, ಬಾ. ಇನ್ನೂ ಬೆಳಗ್ಗೆ ಅಲ್ವಾ, ಸೂರ್ಯ ಈಗಲೇ ಯಾಕೆ ಮುಳುಗ್ಬೇಕು —"

ಅಪ್ಪ ಎದ್ದು ನಿಂತರು. ನಾನೂ ಹೊರಗೆ —