ಮೋಟಾರಿಗೆ ಕೊಸರು

ಮರಳೂರು, ತುಮಕೂರು
೯-೫-೧೯೮೨, ಭಾನುವಾರ

ಪ್ರೀತಿಯ ಅಕ್ಕಾ,

ನೀನು, ಭಾವ, ಪುಟ್ಟಿ ಹೇಗಿದ್ದೀರಿ? ಪುಟ್ಟಿಯ ಕೆಮ್ಮು ಬಿಟ್ಟಿತೇ? ರಾತ್ರಿ ಕೆಮ್ಮುತ್ತಾಳೋ ಹಗಲೋ, ಅದನ್ನೂ ಬರೆ. ನನ್ನ ಮೈಗೆ ಏನೂ ಆಗಿಲ್ಲ, ಮನಸ್ಸೇ ಸರಿಯಿಲ್ಲ. ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಿಮ್ಮೂರಿನ ಶಿವರಾಮಯ್ಯನವರ ಬಾವಿಯ ಮೋಟಾರು ಹೊಗೆಯಾಡುತ್ತಿದೆ, ಅವರು ಒಂದು ಮಾತೂ ಬೈಯದೆ ನನ್ನನ್ನೇ ನೋಡುತ್ತಾ ನಿಂತಿದ್ದಾರೆ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಾನು ಇಲ್ಲಿಗೆ ಬಂದು ಐದು ವಾರವಾಯಿತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಮೇಸ್ತ್ರಿಯ ರುಜು ಇರುವ ಚೀಟಿ ತಂದರೆ ಮಾತ್ರ ಐ.ಟಿ.ಐ. ಪರೀಕ್ಷೆಗೆ ಕೂರಿಸುತ್ತಾರೆಂದು ಅಪ್ಪ ನಿನಗೆ ಹೇಳಿರಬೇಕು. ಎರಡು ಸಲ ಶಾಲೆ ಬಿಟ್ಟು ಗುಬ್ಬಿಯ ತೋಟದಲ್ಲಿ ತೆಂಗಿನಕಾಯಿ ಎಣಿಸಿದವನು ನಾನು. ಇದೂ ತಪ್ಪಿದರೆ ಇನ್ನೊಂದು ಸಲ ಓದು ಎನ್ನುವವರು ಯಾರಿದ್ದಾರೆ? ಸಿದ್ದಲಕ್ಷ್ಮಮ್ಮ ಅನ್ನುವವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಒಳ್ಳೆಯವರು. "ಏನಪ್ಪಾ ಬೆಟ್ಟಸ್ವಾಮಿ, ಆ ಬೀಗಾನ ಎಷ್ಟು ಸಲ ಎಳೆದು ನೋಡ್ತೀಯ, ಕಿತ್ಕೊಂಡು ಕೈಗೇ ಬರುತ್ತೆ ಬಿಡು" ಎಂದು ದಿನಾ ರೇಗಿಸುತ್ತಾರೆ. ಈ ಊರಿನಲ್ಲಿ ಯಾರ ಮಗ ಎಂದು ಯಾರೂ ಕೇಳುವುದಿಲ್ಲ ಅಕ್ಕಾ, ಯಾವ ಅಂಗಡಿ ಎಂದು ಕೇಳುತ್ತಾರೆ. ಮೊದಲ ವಾರ ಬಿ.ಎಚ್. ರಸ್ತೆ ದಾಟಲು ಗೊತ್ತಾಗದೆ, ಯಾರಾದರೂ ಮುದುಕಿ ಬರುವವರೆಗೆ ಕಾದಿದ್ದು ಅವಳ ಬೆನ್ನ ಹಿಂದೆಯೇ ದಾಟುತ್ತಿದ್ದೆ. ನಗಬೇಡ.

ಕೆಲಸ ಮಾತ್ರ ಎಷ್ಟು ನೋಡಿದರೂ ಸಾಲದು. ಮೇಸ್ತ್ರಿ ಚನ್ನವೀರಯ್ಯನವರು ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ, ಡಾಕ್ಟರ ಹಾಗೆ. ನನಗೂ ಕೊಟ್ಟು "ಕೇಳ್ಲಾ, ಬೇರಿಂಗು ಅಳ್ತಾ ಐತೆ" ಎಂದರು. ನಮ್ಮ ರಾಗಿಕಲ್ಲು ಬರಿದಾಗಿ ತಿರುಗಿದಂಥ ಸದ್ದು ಒಳಗಿನಿಂದ ಬರುತ್ತಿತ್ತು. ಇನ್ನೊಂದು ಸೋಜಿಗ ಹೇಳುತ್ತೇನೆ. ಮೋಟಾರಿನ ನಡುವೆ ತಿರುಗುತ್ತದಲ್ಲ, ಆ ಕಬ್ಬಿಣದ ಉರುಳೆಗೆ ಒಂದು ತಂತಿಯೂ ಹೋಗುವುದಿಲ್ಲ. ಸುತ್ತಲಿನ ತಾಮ್ರದ ತಂತಿಗೆ ಮಾತ್ರ ಕರೆಂಟು. ಯಾವುದೂ ಮುಟ್ಟದೆ ಅದು ತಿರುಗುವುದು ಹೇಗೆ? ಮೂರು ದಿನ ಕೇಳಿದೆ. "ಸುತ್ತು ಸರಿಯಾಗಿದ್ರೆ ತಿರುಗುತ್ತೆ ಕಣ್ಲಾ, ತಲೆ ತಿನ್ಬೇಡ" ಎಂದರು. ಪುಸ್ತಕದಲ್ಲಿ ಓದಿದೆ, ಅರ್ಧ ತಿಳಿಯಿತು. ಉಳಿದರ್ಧ ಯೋಚಿಸುತ್ತಾ ಊಟದ ಹೊತ್ತಿನಲ್ಲೂ ಆ ಉರುಳೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂರುತ್ತೇನೆ.

ನನ್ನ ಕೆಲಸ ಸುತ್ತು ಹಾಕುವುದು. ಮರದ ಅಚ್ಚಿಗೆ ತಂತಿ ಕಟ್ಟಿ, ಹಿಡಿ ತಿರುಗಿಸಿ ನಲವತ್ತನಾಲ್ಕು ಸುತ್ತು ಎಣಿಸಿದರೆ ಒಂದು ಕಾಯಿಲು. ಒಂದು ಮೋಟಾರಿಗೆ ಅಂಥ ಹದಿನೆಂಟು. ಹೊರಗೆ ಲಾರಿ ಹಾರನ್ ಹೊಡೆದರೆ ಸಾಕು, ಎಣಿಸಿದ್ದು ಮೂವತ್ತೋ ಮೂವತ್ತೊಂದೋ ಎಂದು ನನಗೆ ಅನುಮಾನ. ನಮ್ಮ ತೋಟದಲ್ಲಿ ಕಾಯಿ ಎಣಿಸುವಾಗ ಅನುಮಾನ ಬಂದರೆ ಅಪ್ಪ ಏನು ಮಾಡುತ್ತಿದ್ದರು, ನಿನಗೆ ಗೊತ್ತಲ್ಲ. ಕೊಂಡವನಿಗೆ ಕಮ್ಮಿಯಾಗಬಾರದೆಂದು ಎರಡು ಕಾಯಿ ಕೊಸರು ಹಾಕುತ್ತಿದ್ದರು. ನನ್ನ ಕೈಯೂ ಹಾಗೇ ಮಾಡಿತು. ಅನುಮಾನ ಬಂದ ಕಾಯಿಲಿಗೆಲ್ಲ ಎರಡು ಸುತ್ತು ಹೆಚ್ಚಿಗೆ ಹಾಕಿ, ಪರವಾಗಿಲ್ಲ, ಧಾರಾಳವಾಗಿದೆ ಎಂದುಕೊಂಡೆ. ಗುರುವಾರ ಒಂದು ಕಾಯಿಲು ಮೋಟಾರಿನೊಳಗೆ ಅದನ್ನು ಕೂರಿಸುವ ಸೀಳಿನಲ್ಲಿ ಹಿಡಿಸದೆ ಹೋದಾಗ ಮೇಸ್ತ್ರಿ ಬಿಚ್ಚಿ ಎಣಿಸಿದರು. ನಾನು ಕೊಸರಿನ ವಿಷಯ ಹೇಳಿದೆ. ಅಂಗಡಿಯೆಲ್ಲಾ ನಕ್ಕಿತು. "ಏನ್ಲಾ, ಕಾಯಿ ವ್ಯಾಪಾರ ಮಾಡ್ತಿದೀಯಾ? ಕರೆಂಟಿಗೂ ಕೊಸರು ಕೊಡ್ತಾರೇನ್ಲಾ?" ಎಂದರು. ಆಮೇಲೆ ನಗು ನಿಲ್ಲಿಸಿ, ಒಂದು ಕಾಯಿಲಿಗೆ ಹೆಚ್ಚು ಒಂದಕ್ಕೆ ಕಮ್ಮಿ ಆದರೆ ಮೋಟಾರು ಗುಂಯ್‌ಗುಟ್ಟುತ್ತಾ ಬಿಸಿಯಾಗಿ ಕೊನೆಗೆ ಸುಟ್ಟುಹೋಗುತ್ತದೆ ಎಂದು ತಿಳಿಸಿ ಹೇಳಿದರು. ಆ ಹದಿನೆಂಟನ್ನೂ ಬಿಚ್ಚಿ ಹೊಸದಾಗಿ ಸುತ್ತಿದೆ.

ಶಿವರಾಮಯ್ಯನವರನ್ನು ಕೇಳಿದೆನೆಂದು ಹೇಳು. ಭಾವ ನನ್ನ ಹೆಸರು ಹೇಳಿದ್ದಕ್ಕೇ ಅಲ್ಲವೇ ಅವರು ಮಾರ್ಕೋನಹಳ್ಳಿ ಕಡೆಯಿಂದ ಇಷ್ಟು ದೂರ, ಬಸ್ಸಿನ ಟಾಪಿನ ಮೇಲೆ ಮೋಟಾರು ಹೊರಿಸಿಕೊಂಡು ನಮ್ಮ ಅಂಗಡಿಗೆ ಬಂದಿದ್ದು. ಭಾವನಿಗೆ ನಮಸ್ಕಾರ, ಪುಟ್ಟಿಯ ಕೆನ್ನೆಗೆ ಒಂದು ಮುತ್ತು. ನಿನ್ನ ಆಶೀರ್ವಾದ ಇವತ್ತು ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ ತಮ್ಮ,
ಬೆಟ್ಟಸ್ವಾಮಿ

ಒಂದು ಮರೆತೆ. ಅಲ್ಲ, ಮರೆತಿಲ್ಲ, ಬರೆಯಲು ಹೆದರಿದೆ. ಶಿವರಾಮಯ್ಯನವರ ಮೋಟಾರು ಸುತ್ತಿದ್ದು ಆ ಗುರುವಾರಕ್ಕಿಂತ ಹಿಂದಿನ ವಾರ, ನಾನೇ. ಅದರಲ್ಲೂ ಕೊಸರಿದೆ, ಎಷ್ಟು ಕಾಯಿಲಿಗೆ ಎಂಬುದು ನೆನಪಿಲ್ಲ. ಕಾಗದ ಮಡಿಸುವಾಗ ತಡೆಯಲಾಗದೆ ಮೇಸ್ತ್ರಿಯ ಮನೆಗೆ ಹೋಗಿ ಹೇಳಿಬಿಟ್ಟೆ. ಬೈಯಲಿಲ್ಲ. "ಚೀಟಿ ಮಾತು ಆಮೇಲೆ. ಬಿಸಿ ಆಗ್ತಿದ್ರೆ ನೀನೇ ಹೋಗಿ ಬಿಚ್ಕೊಂಡು ಬಾ, ನೀನೇ ಸುತ್ತು" ಎಂದರು. ಅರ್ಧ ಗಂಟೆ ಓಡಿಸಿ, ಸ್ವಿಚ್ಚು ಆರಿಸಿ, ಒದ್ದೆಯಿಲ್ಲದ ಅಂಗೈಯನ್ನು ಮೋಟಾರಿನ ಬೆನ್ನಿನ ಮೇಲಿಡಬೇಕಂತೆ. ಹತ್ತು ಎಣಿಸುವವರೆಗೆ ಕೈ ಬಿಸಿ ತಡೆದುಕೊಂಡರೆ ಸರಿ, ಅದಕ್ಕೆ ಮುಂಚೆ ಕೈ ತೆಗೆಯುವಂತಾದರೆ ಮತ್ತೆ ಓಡಿಸಲೇಬಾರದು. ಭಾವ ಮುಟ್ಟಲಿ, ನೀನು ಬೇಡ. ನನಗೆ ಬೇಜಾರಾದೀತೆಂದು ತಣ್ಣಗಿದೆ ಎಂದು ಬರೆಯಬೇಡ, ಇದ್ದದ್ದು ಬರೆ. ಭಾವ ಒಂದು ಸಲ ಮುಟ್ಟಿ ಬಂದರೆ, ಮಾರನೆಯ ದಿನ ಇನ್ನೊಂದು ಸಲ ಕಳಿಸು.